ಹಳೆ ಮರದ ಸಾಮಾನಿನಿಂದ ಕಡಿಮೆ ಖರ್ಚಿನಲ್ಲಿ ಮನೆ ಸಿಂಗಾರ: ಉತ್ತರ ಕನ್ನಡದ ಹವೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆಯ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ತರ ಇರುತ್ತವೆ. ಹಳೆ ಮಂಚ ತಂದು ಪಾಲಿಶ್ ಮಾಡಿಸಿದೆವು, ಮೂರೇ ತಿಂಗಳಲ್ಲಿ ಕಾಲಿನಿಂದ ಹುಡಿ ಉದುರುತ್ತಿದೆ. ಆರಾಮ ಕುರ್ಚಿಗೆ ಜುಲೈಯಲ್ಲಿ ಅರಗಿನ (ಶೆಲ್ಲಾಕ್) ಪಾಲಿಶ್ ಹೊಡೆಸಿದೆವು, ಬೆಳ್ಳಗೆ ಮಬ್ಬಾಗಿದೆ. ಮಳೆಗಾಲದಲ್ಲಿ ಬಿಗಿಯಾದ ಡ್ರಾಯರ್‌ ಅನ್ನು ಕೆತ್ತಿಸಿದೆವು, ಈಗ ಬೇಸಿಗೆಯಲ್ಲಿ ಲಡಲಡ ಅನ್ನುತ್ತಿದೆ.

ಮರ ಕೆಟ್ಟದ್ದಲ್ಲ, ಆಚಾರಿಯವರ ತಪ್ಪೂ ಅಲ್ಲ. ಕೆಲಸದ ಕ್ರಮ ಹಿಂದುಮುಂದಾಗಿದೆ, ಅಷ್ಟೇ. ಅಳತೆ, ತಪಾಸಣೆ, ಒಣಗಿಸುವುದು, ಹುಳಕ್ಕೆ ಮದ್ದು, ಕೀಲು ಬಿಗಿ ಮಾಡುವುದು, ಇವೆಲ್ಲ ಮುಗಿದ ಮೇಲೆ ಪಾಲಿಶ್. ನಮ್ಮಲ್ಲಿ ಹೆಚ್ಚಿನವರು ಪಾಲಿಶ್‌ನಿಂದಲೇ ಶುರು ಮಾಡುತ್ತಾರೆ. ಹೊಳಪು ಬಂದರೆ ಕೆಲಸ ಆಯಿತು ಅನ್ನಿಸುತ್ತದೆ, ಅಲ್ವಾ? ಆ ಹೊಳಪಿನ ಅಡಿಯಲ್ಲೇ ಹುಳ ಮತ್ತು ಹಸಿ ಎರಡೂ ಉಳಿದಿರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾಲಿಶ್, ಅಂಟು, ಕೆತ್ತನೆ ಯಾವುದನ್ನೂ ಇಟ್ಟುಕೊಳ್ಳಬೇಡಿ. ಹುಡುಕಾಟ ಅಕ್ಟೋಬರ್, ನವೆಂಬರ್‌ನಲ್ಲಿ ಆಗಲಿ. ಡಿಸೆಂಬರ್‌ನಲ್ಲಿ ಒಣಗಲಿ. ಜನವರಿಯಿಂದ ಏಪ್ರಿಲ್‌ವರೆಗೆ ಕೆಲಸ. ಮೇ ತಿಂಗಳ ಮಧ್ಯದೊಳಗೆ ಎಲ್ಲವೂ ಒಳಗೆ ಬಂದು ಕೂತಿರಬೇಕು.

## ಬೇಕಾಗುವ ಸಾಮಾನು

ಅಳತೆ ಟೇಪು, ಟಾರ್ಚು, ದಬ್ಬಳ, ಮರದ ಕೊಡತಿ, ಅಗಲ ಬಾಯಿಯ ಹಳೆ ಉಳಿ, ಗಟ್ಟಿ ಹಗ್ಗ, ಫೆವಿಕಾಲ್, ಸ್ಕ್ರೂ ಡ್ರೈವರ್. ಪಾಲಿಶ್ ಪೇಪರ್ 80, 120, 180, 220 ನಂಬರಿನವು ಬೇಕು. ಬ್ರಷ್ ಎರಡು, ಸೂಜಿ ಸಿರಿಂಜು ಒಂದು, ರಬ್ಬರ್ ಕೈಗವಸು, ಒಳ್ಳೆ ಮಾಸ್ಕ್, ಹಳೆ ಹತ್ತಿ ಪಂಚೆಯ ತುಂಡುಗಳು.

ಡ್ರಿಲ್ ಮೆಷಿನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊಳ್ಳಬೇಡಿ. ಒಂದೆರಡು ತೂತಿಗೆ ಆಚಾರಿಯವರನ್ನೇ ಕರೆದರೆ ಸಾಕು.

## ಹಂತ 1: ಮೊದಲು ಮನೆಯನ್ನು ಅಳೆಯಿರಿ

ಸಾಮಾನು ನೋಡಲು ಹೋಗುವ ಮೊದಲು ಬಾಗಿಲ ಅಗಲ, ಮೆಟ್ಟಿಲಿನ ತಿರುವು, ಲಿಫ್ಟ್ ಇದ್ದರೆ ಅದರ ಒಳಗಿನ ಅಳತೆ, ಇಡುವ ಜಾಗದ ಉದ್ದ ಅಗಲ ಬರೆದುಕೊಳ್ಳಿ. ಹಳೆ ಮನೆಗಳ ಮಂಚ, ಪೆಟ್ಟಿಗೆಗಳನ್ನು ದೊಡ್ಡ ಜಗುಲಿಗೆ ಮಾಡಿದ್ದು. ಕಾರವಾರದ ಎರಡು ಕೋಣೆಯ ಫ್ಲ್ಯಾಟಿಗೆ ಅವು ಹಿಡಿಸುವುದಿಲ್ಲ.

ಊಟದ ಮೇಜು ನೆಲದಿಂದ 29ರಿಂದ 30 ಇಂಚು, ಕುರ್ಚಿಯ ಸೀಟು 16ರಿಂದ 18 ಇಂಚು ಇದ್ದರೆ ಕೂರಲು ಸರಿ. ಇವೆರಡರ ನಡುವೆ 10ರಿಂದ 12 ಇಂಚು ಅಂತರ ಸಿಗದಿದ್ದರೆ ಆ ಜೋಡಿ ಬೇಡ. ಹಳೆ ಮಂಚಕ್ಕೆ ಅಂಗಡಿಯ ಸಿದ್ಧ ಹಾಸಿಗೆ ಕೂರುವುದು ಅಪರೂಪ. ಅಳತೆ ಕೊಟ್ಟು ಹತ್ತಿ ಹಾಸಿಗೆ ಹೊಲಿಸುವ ಖರ್ಚನ್ನೂ ಮಂಚದ ಬೆಲೆಗೆ ಸೇರಿಸಿ ನೋಡಿ.

## ಹಂತ 2: ದುಡ್ಡನ್ನು ನಾಲ್ಕು ಪಾಲು ಮಾಡಿ

ಕೈಯಲ್ಲಿ 30,000 ರೂಪಾಯಿ ಇದೆ ಅಂತಿಟ್ಟುಕೊಳ್ಳಿ. ನನ್ನ ಲೆಕ್ಕದಲ್ಲಿ ಸಾಮಾನಿಗೆ 15,000, ಸಾಗಾಟಕ್ಕೆ 3,000, ರಿಪೇರಿಗೆ 9,000, ಅನಿರೀಕ್ಷಿತ ಖರ್ಚಿಗೆ ಕೈಕಾವಲಾಗಿ 3,000. ಇದ್ದ ದುಡ್ಡೆಲ್ಲ ಖರೀದಿಗೇ ಸುರಿದರೆ ಆಮೇಲೆ ಮದ್ದು, ಕೀಲು ಎರಡನ್ನೂ ಬಿಟ್ಟು ಸುಮ್ನೆ ವಾರ್ನಿಶ್ ಬಳಿದು ಇಡುವ ಹಾಗಾಗುತ್ತದೆ.

ಒಂದು ಕೋಣೆಗೆ ಒಂದೇ ದೊಡ್ಡ ಹಳೆ ಸಾಮಾನು ಸಾಕು. ಹಾಲ್‌ಗೆ ಒಂದು ಆರಾಮ ಕುರ್ಚಿ ಅಥವಾ ಒಂದು ಹಿತ್ತಾಳೆ ಪಟ್ಟಿಯ ಪೆಟ್ಟಿಗೆ. ಉಳಿದದ್ದು ಮಣೆ, ಗಿಳಿಗೂಟ (ಗೋಡೆಯ ಮರದ ಗೂಟ), ಹಳೆ ಮರಿಗೆ (ಮರದ ಅಗಲ ಪಾತ್ರೆ) ಇಂಥ ಚಿಕ್ಕವು. ಇವುಗಳಿಗೆ ಹೆಚ್ಚು ಖರ್ಚಿಲ್ಲ, ಕೋಣೆಯ ಕಳೆ ಮಾತ್ರ ತಕ್ಷಣ ಬದಲಾಗುತ್ತದೆ.

## ಹಂತ 3: ಹುಡುಕುವ ಜಾಗ ಮತ್ತು ಕಾಗದಪತ್ರ

ಎಲ್ಲಕ್ಕಿಂತ ಮೊದಲು ನಿಮ್ಮದೇ ಊರಮನೆಯ ಮೆತ್ತು, ಅಟ್ಟ, ಕೊಟ್ಟಿಗೆ ನೋಡಿ. ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿ ಗೊಬ್ಬರದ ಚೀಲ ಇಟ್ಟಿರುತ್ತಾರೆ. ಆಮೇಲೆ ಮನೆ ಪಾಲಾಗುವ ಕಡೆ, ಹಳೆ ಮನೆ ಕೆಡವುವ ಕಡೆ ವಿಚಾರಿಸಿ. ಕಾರವಾರದಲ್ಲಿ ಕೈಗಾ, ನೌಕಾನೆಲೆಯ ನೌಕರರು ವರ್ಗವಾಗಿ ಹೋಗುವಾಗ ಗಟ್ಟಿ ಮರದ ಸಾಮಾನು ಬಿಟ್ಟುಕೊಡುವುದುಂಟು. ಗುಜರಿಯವರ ಹತ್ತಿರ ಹೇಳಿಟ್ಟರೆ ಅವರೂ ಫೋನ್ ಮಾಡುತ್ತಾರೆ.

ಮನೆ ಬಿಚ್ಚುವ ಕಡೆ ಬಾಗಿಲು, ಕಿಟಕಿಯ ಚೌಕಟ್ಟು, ಕೆತ್ತನೆಯ ಪಟ್ಟಿ ಸಿಗುತ್ತವೆ. ಕಿಟಕಿ ಚೌಕಟ್ಟಿಗೆ ಕನ್ನಡಿ ಕೂರಿಸಬಹುದು, ಬಾಗಿಲ ಹಲಗೆಗೆ ಕಾಲು ಕೊಟ್ಟರೆ ಮೇಜು. ಆದರೆ ತೊಲೆ, ದಿಮ್ಮಿ, ಹಲಗೆಯ ರೂಪದ ನಾಟಾ ಬೇರೆ ವಿಷಯ. ಅದನ್ನು ಸಾಗಿಸಲು ಅರಣ್ಯ ಇಲಾಖೆಯ ಪರವಾನಗಿ ಬೇಕಾಗುತ್ತದೆ. ಸಾಗವಾನಿ, ಬೀಟೆ ಆದರೆ ಇನ್ನೂ ಹುಷಾರು. ಗಾಡಿಗೆ ಹೇರುವ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಸಿದ್ಧ ಸಾಮಾನಿಗೂ ಕೊಟ್ಟವರಿಂದ ಒಂದು ರಸೀದಿ ಬರೆಸಿಕೊಳ್ಳಿ, ಅದರ ಫೋಟೋ ತೆಗೆದಿಡಿ. ಗೋವಾ ಕಡೆಯಿಂದ ಮಾಜಾಳಿ ದಾಟಿ ತರುವವರಿಗೆ ಇದು ತೀರಾ ಮುಖ್ಯ.

ಎಚ್ಚರಿಕೆ: "ಬಿಲ್ ಗಿಲ್ ಏನೂ ಬೇಡ, ರಾತ್ರಿ ತಗೊಂಡು ಹೋಗಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

## ಹಂತ 4: ತಪಾಸಣೆ, ತಲೆಕೆಳಗು ಮಾಡಿ ನೋಡಿ

ಇಲ್ಲಿ ಅವಸರ ಮಾಡಿದವರೇ ಜಾಸ್ತಿ ಕಳೆದುಕೊಳ್ಳುವುದು. ಹಗಲಲ್ಲೇ ಹೋಗಿ. ಸಾಮಾನನ್ನು ಅಂಗಳಕ್ಕೆ ತರಿಸಿ, ಮಗುಚಿ ಹಾಕಿ. ಮೇಲಿನ ಮುಖಕ್ಕೆ ಯಾರೂ ಪಾಲಿಶ್ ಹೊಡೆಯಬಹುದು. ಅಡಿಭಾಗ, ಡ್ರಾಯರ್‌ನ ಒಳಬದಿ, ಕಾಲಿನ ತಳ ನಿಜ ಹೇಳುತ್ತವೆ.

ಮೊದಲು ಮರ ಯಾವುದು ನೋಡಿ. ಸಾಗವಾನಿಯ ಬಣ್ಣ ಬಳಿಯದ ಭಾಗ ಮೂಸಿದರೆ ಎಣ್ಣೆ ಬೆರೆತ ಚರ್ಮದಂಥ ವಾಸನೆ ಬರುತ್ತದೆ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕಂದು. ಬೀಟೆ ಕಪ್ಪುನೇರಳೆ ಬಣ್ಣದ್ದು, ಎತ್ತಿದರೆ ಭಾರ. ಅಕೇಶಿಯಾ, ಮಾವಿಗೆ ಗಾಢ ಬಣ್ಣ ಕೊಟ್ಟು ಬೀಟೆ ಅಂತ ಮಾರುವವರಿದ್ದಾರೆ. ಒಳಬದಿಯಲ್ಲಿ ಕಾಣದ ಕಡೆ ಉಗುರಿನಷ್ಟು ಕೆರೆದು ನೋಡಲು ಕೇಳಿ. ಒಪ್ಪದಿದ್ದರೆ ಅನುಮಾನ ಪಡಬೇಕಾದ್ದೇ. ಕಡಿಮೆ ಖರ್ಚಿನವರಿಗೆ ನನ್ನ ಸಲಹೆ ಹಲಸು. ಬೆಲೆ ಸಾಗವಾನಿಗಿಂತ ಕಡಿಮೆ, ಚೇಗು (ಮರದ ಒಳತಿರುಳು) ಗಟ್ಟಿ, ಎಣ್ಣೆ ಹಚ್ಚಿದರೆ ಬಣ್ಣ ಚೆನ್ನಾಗಿ ಬರುತ್ತದೆ.

ಆಮೇಲೆ ಹುಳ. ಸಾಸಿವೆ ಕಾಳಿಗಿಂತ ಸಣ್ಣ ದುಂಡು ತೂತುಗಳು, ಅಂದರೆ 1ರಿಂದ 2 ಮಿಲಿಮೀಟರಿನವು ಕಂಡರೆ ಕುಟ್ಟೆಹುಳ. ತೂತು ಇದ್ದ ಮಾತ್ರಕ್ಕೆ ಬಿಡಬೇಡಿ. ಹಳೆಯದೋ ಹೊಸದೋ ನೋಡಿ. ತೂತಿನ ಅಂಚು ಕಪ್ಪಾಗಿ ಧೂಳು ತುಂಬಿದ್ದರೆ ಹುಳ ಎಂದೋ ಹೋಗಿರಬಹುದು. ತಟ್ಟಿದಾಗ ಬಿಳಿಯ ನುಣ್ಣನೆ ಹುಡಿ ಬಿದ್ದರೆ ಒಳಗೆ ಇನ್ನೂ ಇದೆ. ಈ ಹುಳ ಹೆಚ್ಚಾಗಿ ಮರದ ಹೊರಗಿನ ಬಿಳಿ ಭಾಗವನ್ನೇ ತಿನ್ನುತ್ತದೆ. ದಬ್ಬಳದಿಂದ ಚುಚ್ಚಿ ನೋಡಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಆ ತುಂಡು ಬದಲಿಸಲೇಬೇಕು. ಎರಡಕ್ಕಿಂತ ಹೆಚ್ಚು ಕಾಲು ಹಾಗಿದ್ದರೆ ಸಾಮಾನನ್ನೇ ಬಿಡಿ.

ಒರಲೆಯ (ಗೆದ್ದಲಿನ) ಗುರುತು ಬೇರೆ. ಮಣ್ಣಿನ ಗೆರೆ, ಮಣ್ಣು ಮೆತ್ತಿದ ಸಂದು. ಬೆರಳಿನಿಂದ ಬಡಿದರೆ ಟೊಳ್ಳು ಸದ್ದು. ಹೊರಗೆ ಕಾಗದದಷ್ಟು ತೆಳು ಮರ, ಒಳಗೆ ಏನೂ ಇಲ್ಲ.

ಕೊನೆಗೆ ಕೀಲು. ಕುರ್ಚಿಯಾದರೆ ಕೂತು ಹಿಂದೆ ಮುಂದೆ ಸ್ವಲ್ಪ ಆಡಿಸಿ. ಅಲುಗಿದರೆ ಭಯವಿಲ್ಲ, ಬಿಗಿ ಮಾಡಬಹುದು. ಕೀಲಿನ ಹತ್ತಿರ ಮರವೇ ಸೀಳಿದ್ದರೆ, ಅಲ್ಲಿ ಹಿಂದಿನವರು ನಾಲ್ಕಾರು ಮೊಳೆ ಹೊಡೆದಿದ್ದರೆ, ಬೆಲೆ ಅರ್ಧಕ್ಕೆ ಕೇಳಿ ಅಥವಾ ಬಿಡಿ.

ಕೂಡಲೇ ಬೇಡ ಅನ್ನಬೇಕಾದ್ದು: ಮೊನ್ನೆಯಷ್ಟೇ ಹೊಡೆದ ದಪ್ಪ ವಾರ್ನಿಶ್, ತೂತು ಮುಚ್ಚಲು ಮೆತ್ತಿದ ಪುಟ್ಟಿ, "ಮಗುಚಬೇಡಿ" ಅನ್ನುವ ಮಾಲೀಕರು.

## ಹಂತ 5: ಸಾಗಿಸುವುದು

ಬಿಚ್ಚಬಹುದಾದ್ದನ್ನು ಬಿಚ್ಚಿಯೇ ತನ್ನಿ. ಪ್ರತಿ ತುಂಡಿಗೂ ಸೀಮೆಸುಣ್ಣದಿಂದ ನಂಬರ್ ಹಾಕಿ, ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ದೇವಿಮನೆ ಘಟ್ಟ, ಅರಬೈಲು ಘಟ್ಟದ ತಿರುವುಗಳಲ್ಲಿ ಕಾಲು ಮೇಲೆ ಮಾಡಿ ಕಟ್ಟಿದ ಮೇಜಿನ ಕಾಲು ಮುರಿಯುವುದು ಸಾಮಾನ್ಯ. ಚೀಲ ತುಂಬಿದ ಹುಲ್ಲು ಅಥವಾ ಹಳೆ ಹಾಸಿಗೆ ನಡುವೆ ಇಟ್ಟು ಕಟ್ಟಿಸಿ. ಹಗ್ಗ ಮರಕ್ಕೆ ತಾಗುವಲ್ಲಿ ಬಟ್ಟೆ ಇರಲಿ.

ತಂದದ್ದನ್ನು ನೇರ ಮನೆಯೊಳಗೆ ಒಯ್ಯಬೇಡಿ. ಹುಳ ಇದ್ದರೆ ಬಾಗಿಲ ಚೌಕಟ್ಟಿಗೂ ಹಬ್ಬುತ್ತದೆ. ಹೊರಗಿನ ಸೂರಿನಡಿ, ಇಟ್ಟಿಗೆಯ ಮೇಲೆ ಇಡಿ. ಅಡಿಯಲ್ಲಿ ಕಪ್ಪು ಕಾಗದ ಅಥವಾ ಪ್ಲಾಸ್ಟಿಕ್ ಹಾಸಿ. ಹೊಸ ಹುಡಿ ಬೀಳುತ್ತದೆಯೇ ಎಂದು ನೋಡಲು ಇದಕ್ಕಿಂತ ಸುಲಭ ದಾರಿ ಇಲ್ಲ.

## ಹಂತ 6: ತೊಳೆದು ಒಣಗಿಸುವುದು

ಅಂಟುವಾಳದ ನೀರು ಅಥವಾ ತೆಳು ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿ. ಪೈಪ್ ಹಿಡಿದು ನೀರು ಹಾಯಿಸಬೇಡಿ. ಕೀಲಿನೊಳಗೆ ನೀರು ಹೋದರೆ ಹಳೆ ಸರೇಸು (ಪ್ರಾಣಿಯ ಚರ್ಮ, ಎಲುಬಿನಿಂದ ಮಾಡಿದ ಅಂಟು) ಕರಗಿ ಎಲ್ಲ ಸಡಿಲವಾಗುತ್ತದೆ. ಹಿತ್ತಾಳೆ ಪಟ್ಟಿ, ಚಿಲಕವನ್ನು ಸಾಧ್ಯವಾದರೆ ಬಿಚ್ಚಿ, ಹುಣಸೆಹಣ್ಣು ಅಥವಾ ಬಿಂಬಲಕಾಯಿಯಿಂದ ತಿಕ್ಕಿ ಬೇರೆಯೇ ತೊಳೆಯಿರಿ. ಮರದ ಮೇಲೇ ಹುಳಿ ತಿಕ್ಕಿದರೆ ಕಲೆ ನಿಲ್ಲುತ್ತದೆ.

ಒಣಗಿಸುವುದು ನೆರಳಿನಲ್ಲಿ, ಗಾಳಿಯಲ್ಲಿ. ಕನಿಷ್ಠ ಮೂರು ವಾರ. ಘಟ್ಟದ ಮೇಲೆ ಚಳಿಗಾಲದ ಇಬ್ಬನಿ ಬೀಳುವ ಕಡೆ ಇನ್ನೊಂದು ವಾರ ಸೇರಿಸಿ. ಬೇಗ ಆಗಲಿ ಅಂತ ಬಿಸಿಲಿಗೆ ಹಾಕುತ್ತಾರೆ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗಿನದು ಹಸಿಯೇ ಇರುತ್ತದೆ. ಹಲಗೆ ಸೀಳಿದರೆ ಮತ್ತೆ ಕೂಡಿಸಲಾಗದು.

ಡ್ರಾಯರ್, ಬಾಗಿಲು ಬಿಗಿಯಾಗಿದ್ದರೆ ಈಗ ಕೆತ್ತಬೇಡಿ. ಮರ ಮಳೆಗಾಲದ ತೇವ ಹೀರಿ ಉಬ್ಬಿದೆ. ಒಣಗಿದ ಮೇಲೂ ಬಿಗಿಯಿದ್ದರೆ ಜಾರುವ ಅಂಚಿಗೆ ಮೇಣದಬತ್ತಿ ಉಜ್ಜಿ ನೋಡಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಫೆಬ್ರವರಿ, ಮಾರ್ಚ್‌ನಲ್ಲಿ ತುಸುವೇ ಕೆತ್ತಿಸಿ.

## ಹಂತ 7: ಹಳೆ ಬಣ್ಣ ತೆಗೆಯುವುದು

ಹಳೆ ಪಾಲಿಶ್ ಚೆನ್ನಾಗಿಯೇ ಇದ್ದರೆ ತೆಗೆಯಬೇಡಿ, ಅದೇ ಚೆಂದ. ಸಿಪ್ಪೆ ಏಳುತ್ತಿದ್ದರೆ ಅಥವಾ ಯಾರೋ ಎನಾಮಲ್ ಪೇಂಟ್ ಬಳಿದಿದ್ದರೆ ತೆಗೆಯಬೇಕು.

ಪೇಂಟ್ ಬಗ್ಗೆ ಒಂದು ಗಂಭೀರ ಮಾತು. ನಮ್ಮ ದೇಶದಲ್ಲಿ ಮನೆಯ ಪೇಂಟಿನ ಸೀಸಕ್ಕೆ ಹತ್ತು ಲಕ್ಷಕ್ಕೆ 90 ಪಾಲಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪೇಂಟಿನಲ್ಲಿ ಸೀಸ ಜಾಸ್ತಿ ಇರಬಹುದು. ಆ ಧೂಳು ಮಕ್ಕಳ ಮಿದುಳಿಗೆ ಕೆಡುಕು. ಬೆಂಕಿ ತೋರಿಸಿ ಸುಡಬೇಡಿ, ಒಣದಾಗಿ ಉಜ್ಜಬೇಡಿ. ನೀರು ಚಿಮುಕಿಸಿ ಒದ್ದೆ ಮಾಡುತ್ತ ಉಳಿಯಿಂದ ಕೆರೆಯಿರಿ, ಮಾಸ್ಕ್ ಹಾಕಿ, ಮಕ್ಕಳು ಮತ್ತು ಗರ್ಭಿಣಿಯರು ಹತ್ತಿರ ಬರದಿರಲಿ. ಕೆರೆದ ಚೂರನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ತೋಟಕ್ಕೂ ಬಾವಿಯ ಹತ್ತಿರಕ್ಕೂ ಎಸೆಯಬೇಡಿ. ಕೆಲಸ ಮುಗಿದ ಮೇಲೆ ಎರಡು ದಿನ ಆರಲು ಬಿಡಿ.

## ಹಂತ 8: ಹುಳಕ್ಕೆ ಮದ್ದು

ಮದ್ದು ಬರಿ ಮರಕ್ಕೆ ಮಾತ್ರ ಇಳಿಯುತ್ತದೆ. ಪಾಲಿಶ್ ಮೇಲೆ ಹಚ್ಚಿದರೆ ಜಾರಿ ಹೋಗುತ್ತದೆ. ಮೇಲಿನ ಪಾಲಿಶ್ ಉಳಿಸಿಕೊಳ್ಳುವವರು ಅಡಿಭಾಗ, ಒಳಬದಿ, ಕಾಲಿನ ತಳಕ್ಕಾದರೂ ಹಚ್ಚಿ.

ಮನೆಯಲ್ಲೇ ಮಾಡಬಹುದಾದ ಮದ್ದು ಇದು. 1 ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ (ಬೋರಾಕ್ಸ್) ಮತ್ತು 40 ಗ್ರಾಂ ಬೋರಿಕ್ ಪುಡಿ ಹಾಕಿ ಪೂರ್ತಿ ಕರಗಿಸಿ. ಬಿಸಿಯಿರುವಾಗಲೇ ಬ್ರಷ್‌ನಿಂದ ಹಚ್ಚಿ. ಒಂದು ಸಲ ಹಚ್ಚಿದ್ದು ಆರುವ ಮೊದಲೇ ಎರಡನೆಯದು, ಅದು ಆರುವ ಮೊದಲು ಮೂರನೆಯದು. ತೂತುಗಳಿಗೆ ಸಿರಿಂಜಿನಿಂದ ಬಿಡಿ. ಕಾಲಿನ ತಳ ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತದೆ, ಒಂದು ತಟ್ಟೆಯಲ್ಲಿ ಮದ್ದು ಹಾಕಿ ರಾತ್ರಿಯಿಡೀ ಕಾಲು ಅದ್ದಿ ನಿಲ್ಲಿಸಬಹುದು. ಆಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಒಂದು ದಿನ ಬಿಡಿ. ಒಳಗೆ ಇಳಿಯಲು ಸಮಯ ಸಿಗುತ್ತದೆ. ಬಳಿಕ ಮತ್ತೆ ಎರಡು ವಾರ ನೆರಳಿನಲ್ಲಿ ಒಣಗಲಿ. ಮೇಲೆ ಬಿಳಿ ಹರಳು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ.

ಕೈಗವಸು ಬೇಕೇ ಬೇಕು. ಊಟದ ಮಣೆ, ಮರಿಗೆ, ಹಿಟ್ಟು ನಾದುವ ಹಲಗೆಗೆ ಈ ಮದ್ದು ಹಚ್ಚಬೇಡಿ. ಮಳೆನೀರು ಬೀಳುವ ಜಗುಲಿಯ ಬೆಂಚಿಗೂ ಇದು ನಿಲ್ಲುವುದಿಲ್ಲ, ನೀರಿನೊಡನೆ ತೊಳೆದು ಹೋಗುತ್ತದೆ.

ಸೀಮೆಎಣ್ಣೆ ಸುರಿಯುವ ರೂಢಿ ಬಿಟ್ಟುಬಿಡಿ. ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ, ಬೆಂಕಿಯ ಭಯ ಬೇರೆ, ಹುಳ ಮರುವರ್ಷ ಹಾಜರು. ಗಾಡಿಯ ಹಳೆ ಆಯಿಲ್ ಹಚ್ಚಿದ ಮರಕ್ಕೆ ಮುಂದೆ ಯಾವ ಪಾಲಿಶೂ ಹಿಡಿಯುವುದಿಲ್ಲ. ಇನ್ನು ಒರಲೆ ಬರುವುದು ನೆಲದಿಂದ, ಗೋಡೆಯಿಂದ. ಸಾಮಾನಿಗೆ ಎಷ್ಟು ಮದ್ದು ಹಚ್ಚಿದರೂ ಮನೆಯ ಗೋಡೆಯಲ್ಲಿ ಮಣ್ಣಿನ ಗೆರೆ ಇದ್ದರೆ ಮೊದಲು ಅದಕ್ಕೆ ಮದ್ದು ಮಾಡಿಸಿ.

## ಹಂತ 9: ಕೀಲು ಬಿಗಿ ಮಾಡುವುದು

ಸಡಿಲ ಕೀಲನ್ನು ಕೊಡತಿಯಿಂದ ಮೆಲ್ಲಗೆ ತಟ್ಟಿ ಬಿಚ್ಚಿ. ಬಿಚ್ಚದಿದ್ದರೆ ಬಿಸಿನೀರಿನ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಹಳೆ ಅಂಟನ್ನು ಪೂರ್ತಿ ಕೆರೆಯಿರಿ. ಹಳೆ ಅಂಟಿನ ಮೇಲೆ ಫೆವಿಕಾಲ್ ಹಿಡಿಯುವುದಿಲ್ಲ. ಮತ್ತೆ ಮತ್ತೆ ಅಲುಗುವ ಕುರ್ಚಿಗಳ ಗುಟ್ಟು ಇಷ್ಟೇ. ಒದ್ದೆಯಾದದ್ದು ಒಣಗಿದ ಮೇಲೆ ಹೊಸ ಅಂಟು ಹಚ್ಚಿ ಕೂರಿಸಿ. ಸುತ್ತ ಹಗ್ಗ ಕಟ್ಟಿ, ನಡುವೆ ಕೋಲು ತೂರಿಸಿ ತಿರುಚಿ, ಬಿಗಿಯಾದಾಗ ಕೋಲನ್ನು ಕಟ್ಟಿಬಿಡಿ. 24 ಗಂಟೆ ಮುಟ್ಟಬೇಡಿ. ಸಮತಟ್ಟು ನೆಲದ ಮೇಲೆ ಇಟ್ಟೇ ಕಟ್ಟಬೇಕು, ಇಲ್ಲದಿದ್ದರೆ ಒಂದು ಕಾಲು ಗಾಳಿಯಲ್ಲಿ ನಿಲ್ಲುತ್ತದೆ.

ಸಂದು ದೊಡ್ಡದಿದ್ದರೆ ಅದೇ ಜಾತಿಯ ಮರದ ತೆಳು ಬೆಣೆ ಹಾಕಿಸಿ. ಕಬ್ಬಿಣದ ಮೊಳೆ ಮಾತ್ರ ಬೇಡ. ಕಡಲ ಗಾಳಿಗೆ ಅದು ತುಕ್ಕು ಹಿಡಿದು ಉಬ್ಬಿ ಮರವನ್ನು ಸೀಳುತ್ತದೆ, ಸುತ್ತ ಕಪ್ಪು ಕಲೆ ಬಿಡುತ್ತದೆ. ಅನಿವಾರ್ಯ ಆದರೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ.

## ಹಂತ 10: ಉಜ್ಜುವುದು, ಪಾಲಿಶ್

80ರಿಂದ ಶುರು ಮಾಡಿ 120, 180, 220 ನಂಬರಿನವರೆಗೆ ಕ್ರಮವಾಗಿ ಹೋಗಿ. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಪಾಲಿಶ್ ಆದ ಮೇಲೆ ಎದ್ದು ಕಾಣುತ್ತದೆ. ಯಾವಾಗಲೂ ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಕೆತ್ತನೆಯ ಭಾಗಕ್ಕೆ 180 ಸಾಕು.

ಯಾವ ಪಾಲಿಶ್ ಅನ್ನುವುದು ಸಾಮಾನಿನ ಕೆಲಸದ ಮೇಲೆ. ಮೊದಲ ಸಲ ಮಾಡುವವರಿಗೆ ಅಗಸೆ ಎಣ್ಣೆ ಒಳ್ಳೆಯದು. ಬೇಯಿಸಿದ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಬಟ್ಟೆಯಿಂದ ತೆಳುವಾಗಿ ಹಚ್ಚಿ. 20 ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ಒರೆಸದೆ ಬಿಟ್ಟರೆ ಅಂಟಂಟು ಉಳಿದು ಧೂಳು ಹಿಡಿಯುತ್ತದೆ. ಎರಡು ದಿನ ಬಿಟ್ಟು ಮತ್ತೊಮ್ಮೆ. ಮೂರು ಸಲ ಸಾಕು.

ಬೆಂಕಿಯ ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತನ್ನಷ್ಟಕ್ಕೆ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಿನ ಬಕೆಟ್‌ಗೆ ಹಾಕಿ.

ಅರಗಿನ ಪಾಲಿಶ್ ಪೆಟ್ಟಿಗೆ, ಕಪಾಟು, ಕನ್ನಡಿ ಚೌಕಟ್ಟಿಗೆ ಬಹಳ ಚೆಂದ. ಊಟದ ಮೇಜಿಗೆ ಬೇಡ, ಬಿಸಿ ಲೋಟ ಇಟ್ಟಲ್ಲಿ ಬಿಳಿ ಉಂಗುರ ಬೀಳುತ್ತದೆ. ಗಾಳಿಯಲ್ಲಿ ತೇವ ಇರುವ ದಿನ ಹೊಡೆದರೆ ಪೂರ್ತಿ ಮಬ್ಬಾಗುತ್ತದೆ. ಬಿಸಿಲಿರುವ ದಿನ, ಬೆಳಗ್ಗೆ 10ರ ನಂತರ, ತೆಳುವಾಗಿ ಹಲವು ಸಲ.

ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಹಚ್ಚಲೇ ಅಂತ ಕರಾವಳಿಯವರು ಕೇಳುತ್ತಾರೆ. ಪಕಾಸಿ (ಮಾಡಿನ ಹಂಚಿಗೆ ಆಧಾರದ ಮರ), ಹೊರಗಿನ ಕಂಬಕ್ಕೆ ಹಚ್ಚಿ. ಕೂರುವ, ಮಲಗುವ ಸಾಮಾನಿಗೆ ಬೇಡ. ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ, ಮರವೂ ಕಪ್ಪಾಗುತ್ತದೆ.

## ಹಂತ 11: ಬೆತ್ತದ ಕೆಲಸ

ಬೆತ್ತ ಹೆಣೆಸುವುದು ಪಾಲಿಶ್ ಆದ ಮೇಲೆ. ಮೊದಲೇ ಹೆಣೆಸಿದರೆ ಪಾಲಿಶ್ ಹನಿ ಬಿದ್ದು ಬೆತ್ತ ಕಲೆಯಾಗುತ್ತದೆ. ಸೀಟು ಹರಿದಿಲ್ಲ, ಜೋತಿದೆ ಅಷ್ಟೇ ಅಂದರೆ ಹೆಣೆಸುವ ಖರ್ಚೇ ಬೇಡ. ಕುರ್ಚಿ ಮಗುಚಿ, ಅಡಿಯಿಂದ ಬಿಸಿನೀರಿನ ಬಟ್ಟೆಯಿಂದ ಬೆತ್ತವನ್ನು ಚೆನ್ನಾಗಿ ತೋಯಿಸಿ, ಗಾಳಿಗೆ ಇಡಿ. ಒಣಗುವಾಗ ಅದು ತಾನೇ ಬಿಗಿಯುತ್ತದೆ. ಪೂರ್ತಿ ಒಣಗುವವರೆಗೆ ಯಾರೂ ಕೂರಬಾರದು. ಎಳೆಗಳು ಎರಡು ಕಡೆ ತುಂಡಾಗಿದ್ದರೆ ಪೂರ್ತಿ ಹೊಸದು ಹೆಣೆಸಿ, ತೇಪೆ ನಿಲ್ಲುವುದಿಲ್ಲ.

## ಹಂತ 12: ಒಳಗೆ ಇಡುವುದು

ಗೋಡೆಯಿಂದ 3 ಇಂಚು ದೂರ ಇಡಿ. ಪಡುವಣ ಗೋಡೆಗೆ ಮಳೆ ಹೊಡೆಯುತ್ತದೆ, ಚಿರೆಕಲ್ಲಿನ ಗೋಡೆಯಾದರೆ ತೇವ ಒಳಗೂ ಬರುತ್ತದೆ, ಹಾಗಾಗಿ ಕಪಾಟು, ಪೆಟ್ಟಿಗೆ ಆ ಗೋಡೆಗೆ ಬೇಡ. ಕಾಲಿನಡಿ ರಬ್ಬರ್ ಬುಶ್ ಅಥವಾ ಕಲ್ಲಿನ ಬಿಲ್ಲೆ ಇರಲಿ, ನೆಲ ಒರೆಸುವ ನೀರನ್ನು ಕಾಲು ಹೀರದಂತೆ.

ಗೋಡೆ ಬೋಳು ಅನ್ನಿಸಿದರೆ ದುಬಾರಿ ಚಿತ್ರ ಕೊಳ್ಳಬೇಡಿ. ಸಿದ್ದಾಪುರ, ಸಾಗರದ ಕಡೆಯ ಹಸೆ ಚಿತ್ತಾರ ಒಂದು ಚೌಕಟ್ಟಿನಲ್ಲಿ ಸಾಕು. ಬರೆಯುವ ಹೆಣ್ಣುಮಕ್ಕಳಿಗೇ ನೇರ ದುಡ್ಡು ಕೊಡಿ, ಚೌಕಾಸಿ ಬೇಡ.

ತೂಗುಮಂಚಕ್ಕೆ ಮಾತ್ರ ಖರ್ಚು ಉಳಿಸಲು ಹೋಗಬೇಡಿ. ಫಾಲ್ಸ್ ಸೀಲಿಂಗ್, ಹಂಚಿನ ಮನೆಯ ಪಕಾಸಿ ಅದಕ್ಕೆ ಆಧಾರವಲ್ಲ. ದಪ್ಪ ತೊಲೆಗೆ ಅಥವಾ ಸ್ಲ್ಯಾಬ್‌ನ ತೊಲೆಗೆ ಎಂಜಿನಿಯರ್ ತೋರಿಸಿದ ಜಾಗದಲ್ಲೇ ಕೊಕ್ಕೆ ಹಾಕಿಸಿ. ತೂಗುವಾಗ ಎಳೆತ ಕೂತ ತೂಕಕ್ಕಿಂತ ಜಾಸ್ತಿ. ಮೊದಲು ಅಕ್ಕಿ ಮೂಟೆ ಇಟ್ಟು ಒಂದು ದಿನ ಬಿಡಿ, ಕೊಕ್ಕೆಯ ಸುತ್ತ ಗಾರೆಯಲ್ಲಿ ಕೂದಲೆಳೆಯ ಬಿರುಕು ಕಂಡರೂ ಇಳಿಸಿಬಿಡಿ.

## ಹಂತ 13: ಮೊದಲ ಮಳೆಗಾಲ

ಜೂನ್, ಜುಲೈಯಲ್ಲಿ ಬೂಷ್ಟು ಬಂದರೆ ಗಾಬರಿ ಬೇಡ. ಹೊರಗೆ ಒಯ್ದು ಒಣ ಬಟ್ಟೆಯಿಂದ ಒರೆಸಿ, ಕೋಣೆಯಲ್ಲಿ ಫ್ಯಾನ್ ಹಾಕಿಡಿ. ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೆರೆದಿಡಿ, ಒಳಗೆ ಒಂದು ಬಟ್ಟೆಗಂಟಿನಲ್ಲಿ ಇದ್ದಿಲು ಇಡಿ, ಬಿಸಿಲು ಕಂಡ ದಿನ ಅದನ್ನು ಒಣಗಿಸಿ ಮತ್ತೆ ಇಡಿ.

ಕಾಲಿನಡಿ ಬಿಳಿ ಹುಡಿ ಕಂಡರೆ ತಡ ಮಾಡಬೇಡಿ. ಸಾಮಾನನ್ನು ಸೂರಿನಡಿಗೆ ಒಯ್ದು, ತೂತಿಗೆ ಸಿರಿಂಜಿನಿಂದ ಮದ್ದು ಬಿಡಿ. ಪೂರ್ತಿ ಮದ್ದನ್ನು ಮಳೆ ನಿಂತ ಮೇಲೆ ಮಾಡಿದರಾಯಿತು. ಡ್ರಾಯರ್ ಬಿಗಿಯಾದರೆ ಅರ್ಧ ತೆರೆದೇ ಬಿಡಿ, ನವೆಂಬರ್‌ಗೆ ಸಡಿಲವಾಗುತ್ತದೆ.